ಹೊಸ ಬಲ್ಬ್ ಹಾಕಿದರೂ ಬ್ರೇಕ್ ಲೈಟ್ ಬರುತ್ತಿಲ್ಲ, ಯಾಕೆ?

ಪ್ರಶ್ನೆ: ರಾತ್ರಿ ಕಾರಿನ ಹೆಡ್‌ಲೈಟ್ ಹಾಕಿದರೆ ಹಿಂದಿನ ಕೆಂಪು ಲೈಟ್ ಚೆನ್ನಾಗಿಯೇ ಉರಿಯುತ್ತದೆ. ಬ್ರೇಕ್ ತುಳಿದರೆ ಮಾತ್ರ ಏನೂ ಬದಲಾಗುವುದಿಲ್ಲ. ಎರಡೂ ಬಲ್ಬ್ ಬದಲಿಸಿದೆ. ಇನ್ನೇನು ಕೆಟ್ಟಿರಬಹುದು?

ಉತ್ತರ: ಬಲ್ಬ್‌ಗೆ ಕೈ ಹಾಕುವ ಮೊದಲು ಎಷ್ಟು ಲೈಟ್ ಸತ್ತಿವೆ ಅಂತ ನೋಡಬೇಕಿತ್ತು. ಎಡ, ಬಲ, ಜೊತೆಗೆ ಹಿಂದಿನ ಗಾಜಿನ ಹತ್ತಿರ ಇರುವ ಮೂರನೆಯದು. ಯಾರನ್ನಾದರೂ ಕಾರಿನ ಹಿಂದೆ ನಿಲ್ಲಿಸಿ. ಯಾರೂ ಸಿಗದಿದ್ದರೆ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ ಬ್ರೇಕ್ ತುಳಿಯಿರಿ, ಕತ್ತಲಲ್ಲಿ ಗೋಡೆಯೇ ಹೇಳುತ್ತದೆ.

ಮೂರೂ ಇಲ್ಲವೆಂದರೆ ಬಲ್ಬಿನ ತಪ್ಪಲ್ಲ. ಮೂರು ಬಲ್ಬ್ ಒಟ್ಟಿಗೆ ಹೋಗುವುದು ತೀರಾ ಅಪರೂಪ. ಮೊದಲು ಫ್ಯೂಸ್ ನೋಡಿ. ಯಾವ ಫ್ಯೂಸ್ ಎಂಬುದು ಕಾರಿನ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನದನ್ನು ಹಾಕಿ, ಜಾಸ್ತಿಯದು ಬೇಡ. ಹೊಸದೂ ಸುಟ್ಟರೆ ಎಲ್ಲೋ ವೈರ್ ಕಾರಿನ ಲೋಹದ ಮೈಗೆ ತಾಗುತ್ತಿದೆ. ಡಿಕ್ಕಿ ಬಾಗಿಲಿನ ಕೀಲಿನ ಬಳಿ ಮೊದಲು ಹುಡುಕಿ. ತೆರೆದು ಮುಚ್ಚಿ ಅಲ್ಲಿನ ವೈರ್ ಸವೆದಿರುತ್ತದೆ. ಹೊರಗಿನಿಂದ ಎಲ್‌ಇಡಿ ಪಟ್ಟಿ ಹಾಕಿಸಿದ್ದರೆ ಆ ಜೋಡಣೆಯನ್ನೂ ಅನುಮಾನಿಸಿ.

ಫ್ಯೂಸ್ ಸರಿ ಇದ್ದರೆ ಬ್ರೇಕ್ ಸ್ವಿಚ್ ಮೇಲೆ ನನ್ನ ಅನುಮಾನ. ಪೆಡಲ್‌ನ ಮೇಲ್ಭಾಗದಲ್ಲಿ, ತಲೆ ಬಗ್ಗಿಸಿ ಟಾರ್ಚ್ ಬಿಟ್ಟರೆ ಕಾಣುತ್ತದೆ. ಪೆಡಲ್ ಸುಮ್ನೆ ಇರುವಾಗ ಅದರ ಕಡ್ಡಿ ಒಳಗೆ ಒತ್ತಿಕೊಂಡಿರುತ್ತದೆ. ತುಳಿದಾಗ ಹೊರಬಂದು ಲೈಟ್‌ಗೆ ಕರೆಂಟ್ ಬಿಡುತ್ತದೆ. ಹಳೆಯ ಎರಡು ಪಿನ್ ಸ್ವಿಚ್ ಆದರೆ ಸಾಕೆಟ್ ಕಳಚಿ, ಅದರ ಎರಡು ತುದಿಗಳನ್ನು ತುಂಡು ವೈರ್‌ನಿಂದ ಸೇರಿಸಿ ನೋಡಬಹುದು. ಲೈಟ್ ಬಂತೇ? ಸ್ವಿಚ್ ಹೋಗಿದೆ. ನಾಲ್ಕು ಪಿನ್ ಇದ್ದರೆ ಈ ಪ್ರಯೋಗ ಬೇಡ, ಎಲೆಕ್ಟ್ರಿಷಿಯನ್‌ಗೆ ಬಿಡಿ. ಆಟೋಮ್ಯಾಟಿಕ್ ಕಾರಾಗಿದ್ದು, ಗೇರ್ ಪಾರ್ಕ್‌ನಿಂದ ಬಿಡಿಸಿಕೊಳ್ಳಲು ಹಠ ಮಾಡುತ್ತಿದ್ದರೆ ಅದೂ ಇದೇ ಸ್ವಿಚ್‌ನ ಕಡೆ ಬೊಟ್ಟು ಮಾಡುತ್ತದೆ.

ಒಂದೇ ಕಡೆ ಬರುತ್ತಿಲ್ಲವೇ? ಆಗ ಬಲ್ಬ್ ಮತ್ತು ಹೋಲ್ಡರ್. ಅನೇಕ ಕಾರುಗಳಲ್ಲಿ ಒಂದೇ ಬಲ್ಬಿನೊಳಗೆ ಎರಡು ತಂತಿ ಇರುತ್ತವೆ. ರಾತ್ರಿ ದೀಪಕ್ಕೆ 5 ವ್ಯಾಟ್, ಬ್ರೇಕ್‌ಗೆ 21 ವ್ಯಾಟ್. ಒಂದು ಸುಟ್ಟರೂ ಇನ್ನೊಂದು ಉರಿಯುತ್ತದೆ, ಅದಕ್ಕೇ ಬಲ್ಬ್ ಸರಿ ಇದೆ ಅಂತ ಮೋಸ ಹೋಗುತ್ತೇವೆ. ಕೊಳ್ಳುವಾಗ 21/5 ಎಂದು ಕೇಳಿ. ಕರಾವಳಿ, ಮಲೆನಾಡಿನ ಕಾರುಗಳಲ್ಲಿ ಮಳೆನೀರು ಲೈಟಿನೊಳಗೆ ಇಳಿದು ಹೋಲ್ಡರ್ ಹಸಿರುಗಟ್ಟುವುದು ಮಾಮೂಲು. ಉಜ್ಜಿ ಒಣಗಿಸಿ. ಬ್ರೇಕ್ ತುಳಿದಾಗ ಅದೇ ಬದಿಯ ಇಂಡಿಕೇಟರ್ ಮಂದವಾಗಿ ಮಿನುಗಿದರೆ ಅರ್ಥ್ ವೈರ್ (ಕರೆಂಟ್ ವಾಪಸ್ ಹೋಗುವ ವೈರ್) ಸಡಿಲ.

ಪೂರ್ತಿ ಎಲ್‌ಇಡಿ ಲೈಟ್ ಆದರೆ ಬಿಚ್ಚಿ ಹಾಕುವ ಬಲ್ಬೇ ಇರಲ್ಲ. ಸಾಮಾನ್ಯವಾಗಿ ಇಡೀ ಲೈಟ್ ಬದಲಿಸಬೇಕು, ಜೇಬಿಗೆ ಭಾರ.

ಕೆಲವರಿಗೆ ಉಲ್ಟಾ ತೊಂದರೆ: ಕಾಲು ತೆಗೆದರೂ ಬ್ರೇಕ್ ಲೈಟ್ ಆರುವುದಿಲ್ಲ, ಬೆಳಿಗ್ಗೆ ಬ್ಯಾಟರಿ ಖಾಲಿ. ಕಾಲಡಿಯ ಮ್ಯಾಟ್ ಮೇಲೆ ಪ್ಲಾಸ್ಟಿಕ್ ಚೂರು ಬಿದ್ದಿದೆಯಾ ನೋಡಿ. ಸ್ವಿಚ್‌ನ ಕಡ್ಡಿಗೆ ತಾಗುವಂತೆ ಪೆಡಲ್‌ಗೆ ಹಾಕಿರುವ ಸಣ್ಣ ಬಿರಡೆ ಪುಡಿಯಾಗಿ ಉದುರಿರುತ್ತದೆ. ಹೊಸ ಬಿರಡೆ ಸಿಕ್ಕುವವರೆಗೆ ರಾತ್ರಿ ಬ್ಯಾಟರಿಯ ವೈರ್ ಬಿಚ್ಚಿಡಿ.