ಫೋಕಸ್ ಬಿಡಿ, ರಿಂಗ್ ತಿರುಗಿಸಿ

ಸೂರ್ಯನನ್ನು ನೋಡುವ ಟೆಲಿಸ್ಕೋಪ್ ಕೊಂಡವರು ನನಗೆ ಫೋನ್ ಮಾಡಿದರೆ ಸಾಮಾನ್ಯವಾಗಿ ಒಂದೇ ದೂರು. "ಸಾರ್, ಅಂಚಿನಲ್ಲಿ ಬೆಂಕಿ ಎದ್ದ ಹಾಗೆ ಕಾಣುತ್ತೆ. ನಡುವೆ ಮಾತ್ರ ಬರೀ ಕೆಂಪು ತಟ್ಟೆ. ಫೋಟೋದಲ್ಲಿರೋ ಗೆರೆ, ಸುಳಿ ಒಂದೂ ಇಲ್ಲ." ಹಿಂದೆಯೇ ಇನ್ನೊಂದು ಪ್ರಶ್ನೆ: "ಇನ್ನೂ ದೊಡ್ಡದು ತಗೊಂಡ್ರೆ ಕಾಣುತ್ತಾ?"

ದುಡ್ಡು ಜೇಬಲ್ಲೇ ಇರಲಿ. ಮೊದಲು ರಿಂಗ್ ತಿರುಗಿಸಿ.

ನಾನು ಹೇಳುತ್ತಿರುವುದು ಹೈಡ್ರೋಜನ್ ಆಲ್ಫಾ ಟೆಲಿಸ್ಕೋಪಿನ ಬಗ್ಗೆ, ಅಂದರೆ ಹೈಡ್ರೋಜನ್ನಿನ ಒಂದು ಕೆಂಪು ಬಣ್ಣದಲ್ಲಿ ಮಾತ್ರ ಸೂರ್ಯನನ್ನು ತೋರಿಸುವಂಥದ್ದು. ಹವ್ಯಾಸಿಗಳ ಬಳಿ ಸಾಮಾನ್ಯವಾಗಿ ಕಾಣಸಿಗುವ ಕೊರೊನಾಡೊ ಪಿಎಸ್‌ಟಿಯನ್ನೇ ತಗೊಳ್ಳಿ. 40 ಮಿ.ಮೀ. ಲೆನ್ಸ್‌ನ ಪುಟ್ಟ ಸಾಧನ. ಅದರಲ್ಲಿ ತಿರುಗಿಸುವ ಜಾಗ ಎರಡು. ಹಿಂದಿನ ಪೆಟ್ಟಿಗೆಯಲ್ಲಿರುವ ಗುಂಡಿ ಫೋಕಸ್‌ಗೆ. ಕೊಳವೆಯ ಮೇಲಿರುವ ಅಗಲವಾದ ರಿಂಗ್ ಟ್ಯೂನಿಂಗ್‌ಗೆ. ಎರಡೂ ಫೋಕಸ್‌ಗೇ ಅಂದುಕೊಂಡವರಿದ್ದಾರೆ. ಮುಟ್ಟಿದರೆ ಕೆಟ್ಟೀತು ಅಂತ ರಿಂಗಿನ ತಂಟೆಗೇ ಹೋಗದವರು ಇನ್ನೂ ಜಾಸ್ತಿ.

ಆ ರಿಂಗ್ ಮಾಡುವ ಕೆಲಸವೇ ಬೇರೆ. ಒಳಗೆ ಎಟಲಾನ್ ಅನ್ನುವ ಜೋಡಿ ಗಾಜು ಇದೆ, ನಡುವೆ ತೀರಾ ಸಣ್ಣ ಸಂದು. 656.28 ನ್ಯಾನೋಮೀಟರ್ ತರಂಗಾಂತರದ ಸುತ್ತ ಹೆಚ್ಚುಕಡಿಮೆ ಒಂದು ಆಂಗ್‌ಸ್ಟ್ರಾಮ್‌ನಷ್ಟು (ನ್ಯಾನೋಮೀಟರಿನ ಹತ್ತನೇ ಒಂದು ಭಾಗ) ಬೆಳಕನ್ನು ಮಾತ್ರ ಅದು ಒಳಗೆ ಬಿಡುತ್ತದೆ. ಸೂರ್ಯನ ಬೆಳಕನ್ನು ಬಿಡಿಸಿ ನೋಡಿದರೆ ಅದೇ ಜಾಗದಲ್ಲಿ ಒಂದು ಕಪ್ಪು ಗೆರೆ ಇದೆ. ಸೂರ್ಯನ ಹೊಳೆಯುವ ಮೈಯ ಮೇಲಿರುವ ತೆಳು ಪದರ, ಅಂದರೆ ವರ್ಣಗೋಳದ ಹೈಡ್ರೋಜನ್ ಅಲ್ಲಿನ ಬೆಳಕನ್ನು ಹೀರಿಕೊಳ್ಳುವುದರಿಂದ ಆದ ಗೆರೆ ಅದು. ಎಟಲಾನ್ ಆ ಗೆರೆಯ ನಟ್ಟನಡುವೆ ಕೂತರೆ ನಿಮಗೆ ಕಾಣುವುದು ವರ್ಣಗೋಳ. ಕೊಂಚ ಪಕ್ಕಕ್ಕೆ ಸರಿದರೂ ಕೆಳಗಿನ ದ್ಯುತಿಗೋಳದ, ಅಂದರೆ ಆ ಹೊಳೆಯುವ ಮೈಯ, ಬೆಳಕು ನುಗ್ಗಿ ಎಲ್ಲ ವಿವರವನ್ನೂ ಮುಳುಗಿಸಿಬಿಡುತ್ತದೆ. ಆಗಲೇ ಬರೀ ಕೆಂಪು ತಟ್ಟೆ.

ಹಾಗಾದರೆ ಅಂಚಿನ ಆ ಬೆಂಕಿ, ಅಂದರೆ ಪ್ರಾಮಿನೆನ್ಸ್, ಹೇಗೆ ಕಂಡಿತು? ಅದರ ಹಿಂದೆ ಇರುವುದು ಕತ್ತಲ ಆಕಾಶ. ಟ್ಯೂನಿಂಗ್ ತುಸು ತಪ್ಪಿದರೂ ಅದು ಎದ್ದು ಕಾಣುತ್ತದೆ. ಅದೇ ಪ್ರಾಮಿನೆನ್ಸ್ ಸೂರ್ಯನ ಮುಖದ ಮೇಲೆ ಬಂದಾಗ ಕಪ್ಪು ಎಳೆಯಾಗಿ ಕಾಣುತ್ತದೆ. ಅದಕ್ಕೆ ಫಿಲಮೆಂಟ್ ಅನ್ನುತ್ತೇವೆ. ಆ ಎಳೆ ಕಾಣಬೇಕಾದರೆ ಟ್ಯೂನಿಂಗ್ ಕರಾರುವಾಕ್ಕಾಗಿರಬೇಕು. ಅಂಚು ಕಂಡಿತು ಅಂದ ಮಾತ್ರಕ್ಕೆ ಟ್ಯೂನಿಂಗ್ ಸರಿಯಿದೆ ಅಂತಲ್ಲ.

ರಿಂಗ್ ತಿರುಗಿಸುವವರೂ ಒಂದು ಕಡೆ ಎಡವುತ್ತಾರೆ. ಚಿತ್ರ ಎಲ್ಲಿ ಫಳಫಳ ಹೊಳೆಯುತ್ತದೋ ಅಲ್ಲಿಗೆ ನಿಲ್ಲಿಸುತ್ತಾರೆ. ಬೆಳಕು ಹೆಚ್ಚಿದ್ದರೆ ಒಳ್ಳೆಯದು ಅನ್ನಿಸುವುದು ಸಹಜವೇ. ಆದರೆ ನಾವು ಹುಡುಕುತ್ತಿರುವುದು ಕಪ್ಪು ಗೆರೆಯನ್ನು ಅಲ್ವಾ? ಸರಿಯಾದ ಜಾಗದಲ್ಲಿ ಬಿಂಬ ಮಂಕಾಗುತ್ತದೆ. ಸೂರ್ಯನ ಕಲೆಗಳಷ್ಟೇ ಚೂಪಾಗಿ ಕಂಡು ಉಳಿದದ್ದು ನುಣ್ಣಗಿದ್ದರೆ ನೀವು ಗೆರೆಯ ಆಚೆ ಇದ್ದೀರಿ. ಕೂದಲೆಳೆಯಷ್ಟು ತಿರುಗಿಸಿ, ನಿಲ್ಲಿಸಿ, ನೋಡಿ. ಮತ್ತೆ ಅಷ್ಟೇ ತಿರುಗಿಸಿ. ಬಿಂಬ ಮಂಕಾಗುತ್ತಾ ಬಂದಂತೆ ಕಲೆಗಳ ಸುತ್ತ ಬೆಳ್ಳನೆಯ ತೇಪೆಗಳು, ಆಮೇಲೆ ಫಿಲಮೆಂಟುಗಳು, ಕೊನೆಗೆ ಇಡೀ ಮೈಯ ಒರಟುತನ ಮೇಲೆ ಬರುತ್ತದೆ. ಪಿಎಸ್‌ಟಿಯಲ್ಲಿ ಇಡೀ ಬಿಂಬ ಒಟ್ಟಿಗೆ ಸರಿಯಾಗುವುದಿಲ್ಲ. ಸೂರ್ಯನನ್ನು ಕಣ್ಣಿಡುವ ಐಪೀಸಿನೊಳಗೆ ನಿಧಾನಕ್ಕೆ ಅತ್ತಿತ್ತ ಸರಿಸಿ, ಯಾವ ಭಾಗದಲ್ಲಿ ವಿವರ ಜಾಸ್ತಿ ಅಂತ ನೋಡಿಕೊಳ್ಳಿ.

ಒಮ್ಮೆ ಸರಿಮಾಡಿದರೆ ಮುಗಿಯಿತು ಅಂತಲೂ ಅಲ್ಲ. ಕರಾವಳಿಯ ಹೈಸ್ಕೂಲ್ ಮೇಷ್ಟ್ರೊಬ್ಬರು ಊರಲ್ಲಿ ಚೆನ್ನಾಗಿ ಟ್ಯೂನ್ ಮಾಡಿ, ರಿಂಗಿನ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡು, ಮಕ್ಕಳನ್ನು ಮಡಿಕೇರಿಗೆ ಕರೆದುಕೊಂಡು ಹೋದರು. ಅಲ್ಲಿ ಅದೇ ಗುರುತಿಗಿಟ್ಟರೆ ಏನೂ ಇಲ್ಲ. "ಬಸ್ಸಿನ ಕುಲುಕಾಟಕ್ಕೆ ಗಾಜು ಒಡೆದಿರಬೇಕು" ಅಂತ ಗಾಬರಿಯಲ್ಲಿ ಫೋನ್ ಮಾಡಿದರು. ಏನೂ ಒಡೆದಿರಲಿಲ್ಲ. ಎಟಲಾನ್‌ನ ಸಂದಿನಲ್ಲಿರುವುದು ಗಾಳಿ. ಸಾವಿರ ಮೀಟರಿಗೂ ಎತ್ತರ ಹತ್ತಿದರೆ ಗಾಳಿಯ ಒತ್ತಡ ಕಡಿಮೆಯಾಗಿ ಟ್ಯೂನಿಂಗ್ ಸುಮಾರು 0.2 ಆಂಗ್‌ಸ್ಟ್ರಾಮ್ ಸರಿಯುತ್ತದೆ. ಅಷ್ಟು ಸಾಕು ಫಿಲಮೆಂಟ್ ಮಸುಕಾಗಲು. ಲುಂಟ್ ಕಂಪನಿಯ ಕೆಲವು ಟೆಲಿಸ್ಕೋಪುಗಳು ಈ ಗುಣವನ್ನೇ ಬಳಸಿಕೊಂಡು, ಗಾಳಿಯ ಒತ್ತಡ ಏರಿಸಿ ಇಳಿಸಿಯೇ ಟ್ಯೂನ್ ಆಗುತ್ತವೆ. ಮೇಷ್ಟ್ರು ಫೋನ್ ಹಿಡಿದುಕೊಂಡೇ ರಿಂಗ್ ತಿರುಗಿಸಿದರು. ಹಿಂದಿನಿಂದ ಮಕ್ಕಳ ಕೂಗು ನನಗೂ ಕೇಳಿಸಿತು.

ಉಳಿದದ್ದು ಚಿಕ್ಕ ವಿಷಯ. ಬೆಳಿಗ್ಗೆಯೇ ನೋಡಿ. ಮಧ್ಯಾಹ್ನದ ಕಾಂಕ್ರೀಟ್ ತಾರಸಿಯ ಮೇಲೆ ಗಾಳಿ ಕುದಿಯುತ್ತಾ ಬಿಂಬವನ್ನು ಕದಡುತ್ತಿರುತ್ತದೆ. ಉದಯಪುರದ ಸೌರ ವೀಕ್ಷಣಾಲಯವನ್ನು ಫತೇಸಾಗರ ಕೆರೆಯ ನಡುವೆ ಕಟ್ಟಿರುವುದು ಈ ಕಾಟ ತಪ್ಪಿಸಲಿಕ್ಕೇ. ನಮಗೆ ಹುಲ್ಲಿನ ಮೈದಾನ ಸಾಕು. ತಲೆ ಮೇಲೆ ಕಪ್ಪು ಬಟ್ಟೆ ಹೊದ್ದುಕೊಂಡು ಹತ್ತು ನಿಮಿಷವಾದರೂ ಐಪೀಸ್ ಬಿಡದೆ ಕೂತುಕೊಳ್ಳಿ. ಫೋಟೋದಷ್ಟು ವಿವರ ಬರುವುದಿಲ್ಲ, ಆ ಫೋಟೋಗಳಲ್ಲಿ ನೂರಾರು ಫ್ರೇಮ್ ಸೇರಿರುತ್ತವೆ. 40 ಮಿ.ಮೀ. ಲೆನ್ಸ್ ಸೂರ್ಯನ ಮೇಲೆ ಸುಮಾರು 3,000 ಕಿ.ಮೀ.ಗಿಂತ ಸಣ್ಣದನ್ನು ಬಿಡಿಸಿ ತೋರಿಸಲಾರದು. ಆದರೆ ನಮ್ಮ ಭೂಮಿಯ ಅಡ್ಡಳತೆಯೇ 12,700 ಕಿ.ಮೀ. ದಾಟುತ್ತದೆ. ಅದಕ್ಕಿಂತ ಎಷ್ಟೋ ಪಟ್ಟು ಉದ್ದದ ಫಿಲಮೆಂಟುಗಳು ಧಾರಾಳವಾಗಿ ಕಾಣುತ್ತವೆ.

ಇಷ್ಟೆಲ್ಲ ಮಾಡಿಯೂ ಬಿಂಬ ಮಬ್ಬಾಗಿಯೇ ಇದ್ದರೆ, ಅದರಲ್ಲೂ ಟೆಲಿಸ್ಕೋಪ್ ಹಳೆಯದಾಗಿದ್ದರೆ, ಒಳಗಿನ ಫಿಲ್ಟರ್ ತೇವಕ್ಕೆ ಮಸುಕಾಗಿರಬಹುದು. ನೋಡದೆ ಖಚಿತವಾಗಿ ಹೇಳಲಾರೆ. ದಯವಿಟ್ಟು ನೀವೇ ಬಿಚ್ಚಿ ಒರೆಸಲು ಹೋಗಬೇಡಿ. ಕಣ್ಣು ಕಾಯುವುದೂ ಅದೇ ಫಿಲ್ಟರ್‌ಗಳು. ಗೊತ್ತಿದ್ದವರ ಕೈಗೆ ಕೊಡಿ, ಅಲ್ಲಿಯವರೆಗೆ ಅದರಲ್ಲಿ ಸೂರ್ಯನನ್ನು ನೋಡಬೇಡಿ.