ಡಯಾಲಿಸಿಸ್‌ಗೂ ಜಗ್ಗದ ವಿಷ ಹುಟ್ಟೋದು ಕರುಳಲ್ಲಿ

ಕಿಡ್ನಿ ಫೇಲಾದವರ ಮನೇಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಕ್ರಿಯಾಟಿನಿನ್ (ಕಿಡ್ನಿ ಹೊರಗೆ ಹಾಕ್ಬೇಕಾದ ರಕ್ತದ ಕಸ) ಎಷ್ಟು ಬಂತು ಅಂತ. ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಿಂದ ಬೆಳಗಿನ ಬಸ್ ಹಿಡಿದು ಶಿವಮೊಗ್ಗಕ್ಕೆ ಡಯಾಲಿಸಿಸ್‌ಗೆ ಬರೋರು, ನಾಲ್ಕು ಗಂಟೆ ಮಷೀನ್ ಪಕ್ಕ ಮಲಗಿದ್ದು, ಯೂರಿಯಾ ಇಳೀತಲ್ಲ ಅಂತ ಸಮಾಧಾನ ಮಾಡ್ಕೊಂಡು ವಾಪಸ್ ಹೋಗ್ತಾರೆ. ಆದ್ರೆ ಆ ರಕ್ತದ ರಿಪೋರ್ಟಲ್ಲಿ ಕಾಣಿಸ್ದೇ ಇರೋ ಎರಡು ವಿಷ ಇದಾವೆ, ಇಂಡಾಕ್ಸಿಲ್ ಸಲ್ಫೇಟ್ ಮತ್ತೆ ಪಿ-ಕ್ರೆಸಿಲ್ ಸಲ್ಫೇಟ್.

ಇವುಗಳ ಮೂಲ ನಮ್ಮ ದೊಡ್ಡಕರುಳಿನ ಬ್ಯಾಕ್ಟೀರಿಯಾ. ಬೇಳೆ, ಮೊಟ್ಟೆ, ಮೀನು ಏನೇ ತಿನ್ನಿ, ಅದರ ಪ್ರೋಟೀನಲ್ಲಿ ಸ್ವಲ್ಪ ಜೀರ್ಣ ಆಗ್ದೇ ಕೆಳಗಿಳಿಯತ್ತೆ, ಅದರಲ್ಲಿರೋ ಟ್ರಿಪ್ಟೋಫ್ಯಾನ್ ಅನ್ನೋ ತುಣುಕನ್ನ ಬ್ಯಾಕ್ಟೀರಿಯಾ ಒಡೆದು ಇಂಡೋಲ್ ಮಾಡ್ತಾವೆ, ಅದು ಲಿವರಿಗೆ ಹೋಗಿ ಇಂಡಾಕ್ಸಿಲ್ ಸಲ್ಫೇಟ್ ಆಗತ್ತೆ. ಟೈರೋಸಿನ್ ಅನ್ನೋ ಇನ್ನೊಂದು ತುಣುಕಿನಿಂದ ಪಿ-ಕ್ರೆಸಾಲ್, ಅದೂ ಹಿಂಗೇ ಪಿ-ಕ್ರೆಸಿಲ್ ಸಲ್ಫೇಟ್ ಆಗತ್ತೆ. ಎಲ್ಲರ ಹೊಟ್ಟೇಲೂ ನಡೆಯೋ ಕೆಲಸ ಇದು, ಕಿಡ್ನಿ ಗಟ್ಟಿ ಇದ್ದೋರಿಗೆ ಮೂತ್ರದಲ್ಲಿ ಹೋಗ್ಬಿಡತ್ತೆ, ಗೊತ್ತೂ ಆಗಲ್ಲ. ಮೂತ್ರಕ್ಕೆ ನಳಿಕೆ (ಕ್ಯಾಥೆಟರ್) ಹಾಕಿರೋ ವಯಸ್ಸಾದವರ ಯೂರಿನ್ ಬ್ಯಾಗ್ ಒಮ್ಮೊಮ್ಮೆ ನೇರಳೆ ಬಣ್ಣಕ್ಕೆ ತಿರುಗಿ ಮನೆಯವರು ಗಾಬರಿ ಬೀಳ್ತಾರಲ್ಲ, ಅದು ಇದೇ ಇಂಡಾಕ್ಸಿಲ್ ಸಲ್ಫೇಟ್, ಮೂತ್ರದಲ್ಲಿ ಸೇರ್ಕೊಂಡ ಬ್ಯಾಕ್ಟೀರಿಯಾ ಅದನ್ನ ಒಡೆದಾಗ ನೀಲಿ ಇಂಡಿಗೋ, ಕೆಂಪು ಇಂಡಿರುಬಿನ್ ಎರಡೂ ಹುಟ್ಟಿ ಬೆರೆತು ಆ ಬಣ್ಣ.

ಕರುಳೇ ಕಾರಣ ಅನ್ನೋದಕ್ಕೆ ಒಳ್ಳೇ ಸಾಕ್ಷಿ 2011ರಲ್ಲಿ ಸಿಕ್ತು. ಬೇರೆ ಕಾಯಿಲೆಗೆ ದೊಡ್ಡಕರುಳು ತೆಗೆಸಿಕೊಂಡಿದ್ದ ಡಯಾಲಿಸಿಸ್ ರೋಗಿಗಳ ರಕ್ತ ನೋಡಿದ್ರೆ ಈ ಎರಡೂ ವಿಷ ತೀರಾ ಕಮ್ಮಿ!

ಮಷೀನು ಯಾಕೆ ತೆಗೆಯಲ್ಲ ಅಂದ್ರೆ, ಇವು ನೂರಕ್ಕೆ 90ಕ್ಕಿಂತ ಜಾಸ್ತಿ ರಕ್ತದಲ್ಲಿರೋ ಆಲ್ಬುಮಿನ್ ಅನ್ನೋ ಪ್ರೋಟೀನಿಗೆ ಅಂಟ್ಕೊಂಡಿರತಾವೆ, ಬಟ್ಟೆಗೆ ಹತ್ತಿದ ಅಡಿಕೆ ಚೊಗರಿನ ಥರ, ನೀರಲ್ಲಿ ಎಷ್ಟು ಜಾಲಾಡಿದ್ರೂ ಬಿಡಲ್ಲ. ಯೂರಿಯಾ ಹಂಗಲ್ಲ, ಸಲೀಸಾಗಿ ಫಿಲ್ಟರ್ ದಾಟತ್ತೆ. ಹಿಂಗೆ ಉಳಿದ ವಿಷ ರಕ್ತನಾಳದ ಒಳಗೋಡೆ ಕೆಡಿಸತ್ತೆ, ಅಷ್ಟೋ ಇಷ್ಟೋ ಉಳಿದಿರೋ ಕಿಡ್ನಿಗೂ ಪೆಟ್ಟು.

ಕರುಳಲ್ಲೇ ಇಂಡೋಲ್ ಹೀರ್ಕೊಳ್ಳೋ ಇದ್ದಿಲಿನ ಸಣ್ಣ ಗುಳಿಗೆ ಜಪಾನಲ್ಲಿ 1991ರಿಂದ ಕೊಡ್ತಿದಾರೆ, ಆದ್ರೆ ದೊಡ್ಡ ಟ್ರಯಲ್‌ಗಳಲ್ಲಿ ಅಂದ್ಕೊಂಡ ಲಾಭ ಕಾಣ್ಲಿಲ್ಲ. ನನಗೆ ಹೆಚ್ಚು ಭರವಸೆ ಇರೋದು ನಾರಿನಂಶದ ಮೇಲೆ. ನಾರು ಸಿಕ್ಕಿದ್ರೆ ಬ್ಯಾಕ್ಟೀರಿಯಾ ಪ್ರೋಟೀನ್ ಬಿಟ್ಟು ಅದನ್ನೇ ತಿಂತಾವೆ, ಡಯಾಲಿಸಿಸ್ ರೋಗಿಗಳಿಗೆ ನಾರು ಕೊಟ್ಟು ನೋಡಿದಾಗ ಈ ವಿಷಗಳು ಇಳಿದಿದ್ದೂ ಇದೆ. ಕಷ್ಟ ಇರೋದೇ ಇಲ್ಲಿ. ಕಿಡ್ನಿ ಕೆಟ್ಟೋರ ರಕ್ತದಲ್ಲಿ ಪೊಟ್ಯಾಸಿಯಂ ಏರತ್ತೆ ಅನ್ನೋ ಭಯಕ್ಕೆ ಬಾಳೆದಿಂಡು, ಸೊಪ್ಪು, ಹಲಸು ಎಲ್ಲಾ ಬಿಟ್ಟು ಬರೀ ಬಿಳಿ ಅನ್ನ ತಿಳಿಸಾರಲ್ಲಿ ದಿನ ದೂಡೋರು ನಮ್ಮ ಮಲೆನಾಡಲ್ಲಿ ಎಷ್ಟೋ ಜನ. ಪೊಟ್ಯಾಸಿಯಂ ಭಯ ಸುಳ್ಳಲ್ಲ, ಹೃದಯವೇ ನಿಂತೋಗಬಹುದು. ಆದ್ರೂ ತರಕಾರಿ ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ ಬಸಿದ್ರೆ ಪೊಟ್ಯಾಸಿಯಂ ಸುಮಾರು ಇಳಿಯತ್ತೆ, ಯಾವುದು ಎಷ್ಟು ಅಂತ ಡಯಟೀಶಿಯನ್ ಹತ್ರ ಕೂತು ಕೇಳ್ಲೇಬೇಕು. (ದಾರೆಹುಳಿ, ಅಂದ್ರೆ ಸ್ಟಾರ್ ಫ್ರೂಟ್ ಮಾತ್ರ ಬೇಡವೇ ಬೇಡ, ಅದರಲ್ಲಿರೋ ಕ್ಯಾರಂಬಾಕ್ಸಿನ್ ಅನ್ನೋ ವಿಷ ಕಿಡ್ನಿ ರೋಗಿಗಳ ಮೆದುಳಿಗೇ ಹೊಡಿಯತ್ತೆ, ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್ ತನಕ ಹೋಗತ್ತೆ.)

ಇನ್ನು ಮಲಬದ್ಧತೆ. ನಾಚಿಕೆಗೆ ಯಾರೂ ಡಾಕ್ಟರ್ ಹತ್ರ ಬಾಯಿ ಬಿಡಲ್ಲ, ಆದ್ರೆ ಮಲ ಕರುಳಲ್ಲಿ ನಿಂತಷ್ಟೂ ಬ್ಯಾಕ್ಟೀರಿಯಾಗೆ ಪ್ರೋಟೀನ್ ಒಡೆಯೋಕೆ ಟೈಮ್ ಸಿಗತ್ತೆ. ದಯವಿಟ್ಟು ಹೇಳಿ, ಮೆಡಿಕಲ್ ಶಾಪಲ್ಲಿ ನೀವೇ ಕೇಳಿ ಏನೋ ತಗೊಂಡು ಕುಡೀಬೇಡಿ, ಕೆಲವು ಭೇದಿ ಔಷಧಿಗಳಲ್ಲಿ ಮೆಗ್ನೀಸಿಯಂ, ಫಾಸ್ಫೇಟ್ ಇರತ್ತೆ, ಅದನ್ನ ಹೊರಗೆ ಹಾಕೋ ಕೆಲಸಾನೂ ಕಿಡ್ನೀದೇ.