ಚಿಕ್ಕ ಡಬ್ಬಿ, ದೊಡ್ಡ ಕಾರ್ಡು: ರೆಂಡರಿಂಗ್ ಪಿಸಿ ಕುಗ್ಗಿದ ಕಥೆ

ಹಳೇ ಟವರ್ ಪಿಸಿಯ ಪಕ್ಕದ ಬಾಗಿಲು ತೆಗೆದು ನೋಡಿದವರಿಗೆ ಗೊತ್ತು, ಒಳಗೆ ಅರ್ಧಕ್ಕರ್ಧ ಖಾಲಿ. ಈಗ ಆರ್ಕಿಟೆಕ್ಟ್ ಆಫೀಸುಗಳಲ್ಲಿ, ಇಂಟೀರಿಯರ್ ಸ್ಟುಡಿಯೋಗಳಲ್ಲಿ ಶೂ ಡಬ್ಬಿಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆಯೊಂದು ಮೇಜಿನ ಮೇಲೆ ಕೂತು ಇಡೀ ಅಪಾರ್ಟ್‌ಮೆಂಟನ್ನು ರೆಂಡರ್ ಮಾಡುತ್ತಿರುತ್ತದೆ, ಅಂದರೆ 3ಡಿ ಮಾದರಿಯಿಂದ ಫೋಟೋದಂಥ ಚಿತ್ರ ತೆಗೆಯುತ್ತಿರುತ್ತದೆ. ಭಾಗಗಳೆಲ್ಲ ಚಿಕ್ಕದಾಗಿರಬೇಕು ಅಲ್ವಾ ಅನ್ನಿಸುತ್ತದೆ. ಆಗಿರುವುದು ಉಲ್ಟಾ. ರೆಂಡರಿಂಗಿನ ಮುಖ್ಯ ಭಾಗವಾದ ಗ್ರಾಫಿಕ್ಸ್ ಕಾರ್ಡ್ ವರ್ಷದಿಂದ ವರ್ಷಕ್ಕೆ ಊದುತ್ತಲೇ ಬಂದಿದೆ, ಕರೆಂಟೂ ಜಾಸ್ತಿ ಎಳೆಯುತ್ತದೆ. ಕುಗ್ಗಿದ್ದು ಆ ಖಾಲಿ ಜಾಗ ಮಾತ್ರ.

ಅಷ್ಟು ಜಾಗ ಯಾಕಿತ್ತು ಅನ್ನುವುದಕ್ಕೆ 1995ಕ್ಕೆ ಹೋಗಬೇಕು. ಇಂಟೆಲ್ ಆ ವರ್ಷ, ಭಾಗಗಳನ್ನೆಲ್ಲ ಜೋಡಿಸುವ ಮದರ್‌ಬೋರ್ಡಿಗೆ ಎಟಿಎಕ್ಸ್ ಅನ್ನುವ ಅಳತೆ ತಂದಿತು. ಮದರ್‌ಬೋರ್ಡ್ 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ. ಆಗ ಸೌಂಡಿಗೆ ಒಂದು ಕಾರ್ಡ್, ಮೋಡೆಮ್‌ಗೆ ಒಂದು, ನೆಟ್‌ವರ್ಕಿಗೆ ಇನ್ನೊಂದು. ಸಿಡಿ ಡ್ರೈವ್, ಫ್ಲಾಪಿ, ಎರಡು ಮೂರು ಹಾರ್ಡ್ ಡಿಸ್ಕ್ ಬೇರೆ. ಆ ಜಾಗಕ್ಕೆಲ್ಲ ಕೆಲಸವಿತ್ತು. ಆಮೇಲೆ ಒಂದೊಂದಾಗಿ ಎಲ್ಲವೂ ಬೋರ್ಡಿನೊಳಗೇ ಸೇರಿಕೊಂಡವು. ಹಾರ್ಡ್ ಡಿಸ್ಕಿನ ಕೆಲಸವನ್ನು ಬೋರ್ಡಿಗೇ ಕಚ್ಚಿಕೊಳ್ಳುವ ಎಂ.2 ಎಸ್‌ಎಸ್‌ಡಿ ವಹಿಸಿಕೊಂಡಿತು. ಕ್ಯಾಬಿನೆಟ್ ಮಾತ್ರ ಹಾಗೇ ಉಳಿಯಿತು.

2001ರಲ್ಲಿ ತೈವಾನಿನ ವಯಾ ಕಂಪನಿ 170 ಮಿ.ಮೀ. ಚೌಕದ ಮಿನಿ-ಐಟಿಎಕ್ಸ್ ಬೋರ್ಡ್ ತೋರಿಸಿತು. ಇವತ್ತಿನ ಚಿಕ್ಕ ವರ್ಕ್‌ಸ್ಟೇಷನ್‌ಗಳಲ್ಲಿ ಹೆಚ್ಚಿನವು ಕೂತಿರುವುದು ಅದೇ ಅಳತೆಯ ಮೇಲೆ. ಆದರೆ ವಯಾದ ತಲೆಯಲ್ಲಿ ಇದ್ದದ್ದು ಕರೆಂಟ್ ಕಡಿಮೆ ತಿನ್ನುವ, ಸದ್ದಿಲ್ಲದ ಮೆಷಿನ್. ರೆಂಡರಿಂಗ್ ಅದರ ಕನಸಿನಲ್ಲೂ ಇರಲಿಲ್ಲ. ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ ದೊಡ್ಡ ಸ್ಲಾಟ್ ಮಿನಿ-ಐಟಿಎಕ್ಸ್ ಬೋರ್ಡುಗಳಲ್ಲಿ ಮಾಮೂಲಾಗಲು ಹಲವು ವರ್ಷ ಹಿಡಿಯಿತು.

ಆ ಹೊತ್ತಿಗೆ ರೆಂಡರಿಂಗೇ ಜಾಗ ಬದಲಿಸುತ್ತಿತ್ತು. ಮೊದಲು ಅದೆಲ್ಲ ಪ್ರೊಸೆಸರ್ ಮಾಡುವ ಕೆಲಸ. ಸಂಜೆ ರೆಂಡರಿಗೆ ಹಾಕಿ ಮನೆಗೆ ಹೋದರೆ ಬೆಳಿಗ್ಗೆ ಬಂದು ನೋಡುವುದು. 2007ರಲ್ಲಿ ಎನ್‌ವಿಡಿಯಾ ತನ್ನ ಕುಡಾ ಸಾಫ್ಟ್‌ವೇರನ್ನು ಹೊರಬಿಟ್ಟ ಮೇಲೆ ಗ್ರಾಫಿಕ್ಸ್ ಕಾರ್ಡಿನ ನೂರಾರು ಕೋರ್‌ಗಳನ್ನು ಲೆಕ್ಕ ಮಾಡಲೂ ಬಳಸುವುದು ಸುಲಭವಾಯಿತು. ಬೆಳಕಿನ ಒಂದೊಂದು ಕಿರಣ ಎಲ್ಲಿ ಬಡಿದು ಎಲ್ಲಿಗೆ ಹೋಗುತ್ತದೆ ಅನ್ನುವ ಲೆಕ್ಕ ಅದಕ್ಕೆ ಹೇಳಿ ಮಾಡಿಸಿದ ಕೆಲಸ. ಕಾರ್ಡಿನ ಮೇಲೇ ಓಡುವ ಆಕ್ಟೇನ್ ಅನ್ನುವ ರೆಂಡರಿಂಗ್ ಸಾಫ್ಟ್‌ವೇರ್ ಬಂತು. 2011ರ ಕೊನೆಗೆ 3ಡಿ ಸಾಫ್ಟ್‌ವೇರ್ ಬ್ಲೆಂಡರ್‌ಗೆ ಸೈಕಲ್ಸ್ ಅನ್ನುವ ರೆಂಡರ್ ಎಂಜಿನ್ ಸೇರಿತು. ಎನ್‌ವಿಡಿಯಾದ 2018ರ ಆರ್‌ಟಿಎಕ್ಸ್ ಕಾರ್ಡುಗಳಲ್ಲಿ ಕಿರಣದ ಲೆಕ್ಕಕ್ಕೆಂದೇ ಬೇರೆ ಕೋರ್‌ಗಳನ್ನು ಇಟ್ಟರು. ಸೈಕಲ್ಸ್ ಮರುವರ್ಷವೇ ಅವನ್ನು ಬಳಸತೊಡಗಿತು.

ಇದರಿಂದ ಮೆಷಿನ್ ಕಟ್ಟುವ ಲೆಕ್ಕಾಚಾರವೇ ತಲೆಕೆಳಗಾಯಿತು. ದೊಡ್ಡ ಬೋರ್ಡ್, ಎರಡು ಪ್ರೊಸೆಸರ್ ಅಂತೇನೂ ಬೇಡ. ಒಂದು ಒಳ್ಳೆಯ ಕಾರ್ಡ್ ಇದ್ದರೆ ಆಯಿತು. ಆದರೆ ಆ ಕಾರ್ಡಿನ ಮೆಮೊರಿಗೆ ಸೀನ್, ಅಂದರೆ ರೆಂಡರ್ ಆಗಬೇಕಾದ ಇಡೀ 3ಡಿ ದೃಶ್ಯ, ಹಿಡಿಸಬೇಕು. ಮರ, ಹುಲ್ಲು, 4ಕೆ ಟೆಕ್ಸ್ಚರ್ ಎಲ್ಲ ಸೇರಿ 14 ಜಿಬಿ ಆಯಿತು, ಕಾರ್ಡಿನಲ್ಲಿ ಇರುವುದು 12 ಅಂತಿಟ್ಟುಕೊಳ್ಳಿ. ಒಂದೋ ರೆಂಡರ್ ನಿಲ್ಲುತ್ತದೆ, ಇಲ್ಲವೇ ಮಿಕ್ಕದ್ದನ್ನು ಮದರ್‌ಬೋರ್ಡಿನ ರ‍್ಯಾಮ್‌ನಿಂದ ತರಿಸಿಕೊಳ್ಳುತ್ತಾ ತೆವಳುತ್ತದೆ. ಡಿಸೈನ್ ಕೆಲಸದವರು ವೇಗಕ್ಕಿಂತ ಮೊದಲು ಕಾರ್ಡಿನಲ್ಲಿ ಎಷ್ಟು ಜಿಬಿ ಅಂತ ಕೇಳುವುದು ಇದಕ್ಕೇ.

ದೊಡ್ಡ ಕಂಪನಿಗಳು ಈ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಸರಿಯಾಗಿ ಊಹಿಸಲಿಲ್ಲ. ಅದಕ್ಕೆ ಆಪಲ್‌ನ 2013ರ ಮ್ಯಾಕ್ ಪ್ರೊ ಸಾಕ್ಷಿ. 25 ಸೆಂ.ಮೀ. ಎತ್ತರದ ಕಪ್ಪು ಸಿಲಿಂಡರ್. ನಡುವೆ ಶಾಖ ಎಳೆದುಕೊಳ್ಳುವ ತ್ರಿಕೋನದ ಹೀಟ್‌ಸಿಂಕ್. ಒಂದು ಬದಿಗೆ ಪ್ರೊಸೆಸರ್, ಉಳಿದ ಎರಡು ಬದಿಗೆ ಒಂದೊಂದು ಗ್ರಾಫಿಕ್ಸ್ ಕಾರ್ಡ್, ಮೇಲೊಂದೇ ಫ್ಯಾನ್. ನೋಡೋಕೆ ಇವತ್ತಿಗೂ ಚೆಂದ. ಮೂರೂ ಬದಿ ಹತ್ತಿರ ಹತ್ತಿರ ಸಮನಾಗಿ ಬಿಸಿಯಾದರೆ ಮಾತ್ರ ಆ ಲೆಕ್ಕ ಕೂಡಿಬರುತ್ತದೆ. ಸಾಫ್ಟ್‌ವೇರ್‌ಗಳು ಎರಡು ಸಾಧಾರಣ ಕಾರ್ಡಿಗಿಂತ ಒಂದೇ ದೊಡ್ಡ, ಬಿಸಿ ಕಾರ್ಡನ್ನು ಬಯಸಿದವು. ಅದನ್ನು ಕೂರಿಸಲು ಸಿಲಿಂಡರಿನಲ್ಲಿ ಜಾಗವೂ ಇರಲಿಲ್ಲ, ದಾರಿಯೂ ಇರಲಿಲ್ಲ. 2017ರ ಏಪ್ರಿಲ್‌ನಲ್ಲಿ ಆಪಲ್ ಕೆಲವು ಪತ್ರಕರ್ತರನ್ನು ಕರೆಸಿ, ಶಾಖದ ವಿಷಯದಲ್ಲಿ ತಾನೇ ಮೂಲೆಗೆ ಸಿಕ್ಕಿಕೊಂಡಿದ್ದನ್ನು ಒಪ್ಪಿಕೊಂಡಿತು. 2019ರಲ್ಲಿ ಬಂದ ಹೊಸ ಮ್ಯಾಕ್ ಪ್ರೊ ಮತ್ತೆ ದೊಡ್ಡ ಟವರ್.

ಹಾಗಾದರೆ ದಾರಿ ತೋರಿಸಿದ್ದು ಯಾರು? ಹೆಚ್ಚಿನಂಶ ಹವ್ಯಾಸಿಗಳು. ಈ ಲೋಕದಲ್ಲಿ ಕ್ಯಾಬಿನೆಟ್ಟಿನ ಗಾತ್ರವನ್ನು ಲೀಟರಿನಲ್ಲಿ ಹೇಳುತ್ತಾರೆ, ನಮಗೆ ಕೇಳಲು ಸ್ವಲ್ಪ ತಮಾಷೆ. ಮಾಮೂಲಿ ಟವರ್ 40 ಲೀಟರಿನ ಮೇಲೆ. 2013ರಲ್ಲಿ ಜನರಿಂದಲೇ ದುಡ್ಡು ಕೂಡಿಸಿ ಹೊರಬಂದ ಎನ್‌ಕೇಸ್ ಎಂ1, 12.6 ಲೀಟರ್. ಪೂರ್ತಿ ಉದ್ದದ ಗ್ರಾಫಿಕ್ಸ್ ಕಾರ್ಡ್ ಅದರಲ್ಲಿ ಹಿಡಿಸುತ್ತಿತ್ತು. ಆಮೇಲೆ ಬಂದ ಜರ್ಮನಿಯ ಡಾನ್ ಎ4-ಎಸ್‌ಎಫ್‌ಎಕ್ಸ್ ಬರೀ 7.2 ಲೀಟರ್. ಅದರ ಉಪಾಯ ಸರಳ. ಕಾರ್ಡನ್ನು ಬೋರ್ಡಿನ ಮೇಲೆ ನೆಟ್ಟಗೆ ನಿಲ್ಲಿಸುವ ಬದಲು ಬೋರ್ಡಿನ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದರು. ಎರಡರ ನಡುವೆ ಸಂಪರ್ಕಕ್ಕೆ ರೈಸರ್ ಕೇಬಲ್ ಅನ್ನುವ ಚಪ್ಪಟೆ ಪಟ್ಟಿ. ಇದಕ್ಕೆ ಸ್ಯಾಂಡ್‌ವಿಚ್ ವಿನ್ಯಾಸ ಅಂತ ಹೆಸರು.

ಇನ್ನೊಂದು ತೊಡಕು ಎಸ್‌ಎಂಪಿಎಸ್, ಅಂದರೆ ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ. ಮಾಮೂಲಿ ಎಟಿಎಕ್ಸ್ ಎಸ್‌ಎಂಪಿಎಸ್ 150 ಮಿ.ಮೀ. ಅಗಲ, 86 ಮಿ.ಮೀ. ಎತ್ತರ. ಎಸ್‌ಎಫ್‌ಎಕ್ಸ್ ಮಾದರಿಯದು 125 ಅಗಲ, 63.5 ಎತ್ತರ. ಆ ಮಾದರಿ ಮುಂಚೆಯೂ ಇತ್ತು, ಆದರೆ ಸಣ್ಣ ಆಫೀಸ್ ಪಿಸಿಗೆ ಸಾಕಾಗುವಷ್ಟೇ ಶಕ್ತಿ. ಸಿಲ್ವರ್‌ಸ್ಟೋನ್, ಕೋರ್ಸೇರ್ 600 ವ್ಯಾಟಿನವು ತಂದ ಮೇಲೆ ಚಿಕ್ಕ ಕ್ಯಾಬಿನೆಟ್ಟಿಗೆ ಜೀವ ಬಂತು.

ರೈಸರ್ ಕೇಬಲ್ ಮಾತ್ರ ಸುಮ್ನೆ ಬಿಡಲಿಲ್ಲ. ಕಾರ್ಡ್ ಜೋಡಿಸುವ ಸ್ಲಾಟಿನ ಹೊಸ, ಹೆಚ್ಚು ವೇಗದ ತಲೆಮಾರಾದ ಪಿಸಿಐಇ 4.0 ಇರುವ ಬೋರ್ಡುಗಳು 2019ರಿಂದ ಬಂದವು. ಹಳೇ 3.0 ರೈಸರ್ ಹಾಕಿ ಹೊಸ ಕಾರ್ಡ್ ಜೋಡಿಸಿದರೆ ಎಷ್ಟೋ ಸಲ ಪರದೆ ಕಪ್ಪು. ಬೋರ್ಡಿನ ಮೂಲ ಸೆಟ್ಟಿಂಗುಗಳಿರುವ ಬಯೋಸ್‌ಗೆ ಹೋಗಿ ಸ್ಲಾಟನ್ನು 'ಜೆನ್ 3' ಮಾಡಿದರೆ ಸರಿಹೋಗುತ್ತದೆ, ರೆಂಡರಿಂಗಿಗೆ ಅದರಿಂದ ಹೇಳಿಕೊಳ್ಳುವಂಥ ನಷ್ಟವೂ ಇಲ್ಲ. ಎನ್‌ಝಡ್‌ಎಕ್ಸ್‌ಟಿಯ ಎಚ್1 ಕ್ಯಾಬಿನೆಟ್ಟಿನದು ಇದಕ್ಕಿಂತ ಗಂಭೀರ. ಅದರಲ್ಲಿ ರೈಸರ್ ಬೋರ್ಡನ್ನು ಎರಡು ಲೋಹದ ಸ್ಕ್ರೂ ಹಿಡಿದಿದ್ದವು. ಸ್ಕ್ರೂ ಬೋರ್ಡಿನೊಳಗಿನ ಕರೆಂಟಿನ ಗೆರೆಗೆ ತಾಗಿ ಶಾರ್ಟ್ ಆಗಿ, ಬೆಂಕಿ ಹತ್ತುವ ಅಪಾಯವಿತ್ತು. ಕಂಪನಿ ಮೊದಲು ನೈಲಾನ್ ಸ್ಕ್ರೂ ಕಳಿಸಿ ಮುಗಿಸಲು ನೋಡಿತು. ಮುಂದೆ ಯಾರೋ ಮರೆತು ಲೋಹದ್ದೇ ಹಾಕಿದರೆ ಏನು ಗತಿ ಅಂತ ಟೀಕೆ ಬಂತು. ಕೊನೆಗೆ 2021ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಅಧಿಕೃತವಾಗಿಯೇ ವಾಪಸ್ ಕರೆಸಿ ರೈಸರನ್ನೇ ಬದಲಿಸಬೇಕಾಯಿತು. ಚಿಕ್ಕ ಡಬ್ಬಿಯಲ್ಲಿ ಒಂದು ಮಿಲಿಮೀಟರ್ ಆಚೀಚೆಯಾದರೂ ಕಷ್ಟವೇ.

ಅತ್ತ ಕಾರ್ಡುಗಳು ನಿಲ್ಲಲಿಲ್ಲ. ಆರ್‌ಟಿಎಕ್ಸ್ 3090, 350 ವ್ಯಾಟ್. 4090, 450. 2025ರ 5090ಕ್ಕೆ 575. ಇಲ್ಲಿ ಗೇಮಿಂಗ್ ವಿಮರ್ಶೆ ನೋಡಿ ಮೋಸಹೋಗುವವರು ಬಹಳ. ಆಟದಲ್ಲಿ ಹೊರೆ ಏರಿಳಿಯುತ್ತಿರುತ್ತದೆ. ರೆಂಡರಿಂಗಿನಲ್ಲಿ ಗಂಟೆಗಟ್ಟಲೆ ಪೂರ್ತಿ ಹೊರೆ. ಜೊತೆಗೆ ಆ ವಿಮರ್ಶೆ ಮಾಡುವುದು 21 ಡಿಗ್ರಿಯ ಕೋಣೆಯಲ್ಲಿ. ಫ್ಯಾನ್ ಎಷ್ಟೇ ತಿರುಗಿದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಅಲ್ಲಿ 72 ಡಿಗ್ರಿ ತೋರಿಸಿದ ಕಾರ್ಡ್, ಏಪ್ರಿಲ್‌ನಲ್ಲಿ ರಾಯಚೂರಿನ 36 ಡಿಗ್ರಿಯ ಕೋಣೆಯಲ್ಲಿ ಹೆಚ್ಚುಕಡಿಮೆ 87ಕ್ಕೆ ಹೋಗುತ್ತದೆ, ಅಥವಾ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ.

ಇದಕ್ಕೆ ಜನ ಕಂಡುಕೊಂಡ ಮದ್ದು ಕರೆಂಟಿಗೆ ಕಡಿವಾಣ. ಎಎಂಡಿಯ 16 ಕೋರಿನ ಪ್ರೊಸೆಸರ್ ರೈಜೆನ್ 9 7950ಎಕ್ಸ್ ಹಾಗೇ ಬಿಟ್ಟರೆ 230 ವ್ಯಾಟ್‌ವರೆಗೂ ಎಳೆಯುತ್ತದೆ. ಬಯೋಸ್‌ನಲ್ಲಿ 65 ವ್ಯಾಟಿನದು ಅಂತ ಹೆಸರಿರುವ ಇಕೋ ಮೋಡ್ ಹಾಕಿದರೆ ನಿಜದಲ್ಲಿ 88ಕ್ಕೆ ನಿಲ್ಲುತ್ತದೆ. ವೇಗ ಆ ಪ್ರಮಾಣದಲ್ಲಿ ಬೀಳುವುದಿಲ್ಲ, ಯಾಕೆಂದರೆ ಕೊನೆಯ ನೂರು ವ್ಯಾಟ್ ಹೋಗುವುದು ಚಿಪ್ಪನ್ನು ಕೊನೇ ಹಂತಕ್ಕೆ ಹಿಂಡಲು. ಗ್ರಾಫಿಕ್ಸ್ ಕಾರ್ಡಿನದೂ ಇದೇ ಕಥೆ. ವೃತ್ತಿಪರರಿಗೆಂದು ಎನ್‌ವಿಡಿಯಾ ಮಾಡುವ ಚಿಕ್ಕ ಕಾರ್ಡುಗಳು ಇದನ್ನು ತುದಿ ಮುಟ್ಟಿಸಿವೆ. 2023ರ ಆರ್‌ಟಿಎಕ್ಸ್ 4000 ಎಸ್‌ಎಫ್‌ಎಫ್ ಅಡಾ ಬರೀ 70 ವ್ಯಾಟಿನದು, ಕರೆಂಟಿಗೆ ಬೇರೆ ವೈರೇ ಬೇಡ, ಮೆಮೊರಿ 20 ಜಿಬಿ. ಬೆಲೆ ಕೇಳಿದರೆ ಮಾತ್ರ ಉಸಿರು ನಿಲ್ಲುತ್ತದೆ.

ನನ್ನನ್ನು ಕೇಳಿದರೆ ರೆಂಡರಿಂಗ್ ಮಾಡಿ ಹೊಟ್ಟೆ ಹೊರೆಯುವವರಿಗೆ 10 ಲೀಟರಿನ ಒಳಗಿನ ಹುಚ್ಚು ಬೇಡ. 2020ರಲ್ಲಿ ಬಂದ ಕೂಲರ್ ಮಾಸ್ಟರ್ ಎನ್‌ಆರ್200ರಂಥ 18 ಲೀಟರಿನದರಲ್ಲಿ ಉಸಿರಾಡಲು ಜಾಗವಿದೆ, ರೈಸರಿನ ಹಂಗೂ ಇಲ್ಲ. ಇನ್ನೂ ಸ್ವಲ್ಪ ದೊಡ್ಡದು ಪರವಾಗಿಲ್ಲ ಅನ್ನುವವರು ಎಟಿಎಕ್ಸ್‌ಗೂ ಮಿನಿ-ಐಟಿಎಕ್ಸ್‌ಗೂ ನಡುವಿನ ಅಳತೆಯ ಮೈಕ್ರೋ ಎಟಿಎಕ್ಸ್ ನೋಡಬಹುದು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೇಳಿ ನೋಡಿ, ಮಿನಿ-ಐಟಿಎಕ್ಸ್‌ಗಿಂತ ಅದು ಸುಲಭಕ್ಕೆ, ಅಗ್ಗಕ್ಕೆ ಸಿಗುತ್ತದೆ. ರ‍್ಯಾಮಿಗೆ ನಾಲ್ಕು ಸ್ಲಾಟ್ ಇರುವ ಬೋರ್ಡೂ ಸಿಗುತ್ತದೆ. ಮಿನಿ-ಐಟಿಎಕ್ಸ್‌ನಲ್ಲಿ ಸಾಮಾನ್ಯವಾಗಿ ಎರಡೇ.

ಈಚೆಗೆ ಖಾಲಿ ಜಾಗದ ಜೊತೆ ಕಾರ್ಡನ್ನೇ ತೆಗೆದುಹಾಕುವ ದಾರಿ ತೆರೆದಿದೆ. 2022ರಲ್ಲಿ ಬಂದ ಆಪಲ್‌ನ ಮ್ಯಾಕ್ ಸ್ಟುಡಿಯೋದಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಎರಡಕ್ಕೂ ಒಂದೇ ಮೆಮೊರಿ. ಎಎಂಡಿಯ ರೈಜೆನ್ ಎಐ ಮ್ಯಾಕ್ಸ್ ಚಿಪ್ ಅದನ್ನೇ ವಿಂಡೋಸಿಗೆ ತಂದಿತು. ಅದನ್ನು ಹಾಕಿಕೊಂಡು 2025ರಲ್ಲಿ ಬಂದ ಫ್ರೇಮ್‌ವರ್ಕ್ ಡೆಸ್ಕ್‌ಟಾಪ್ 4.5 ಲೀಟರ್, ಮೆಮೊರಿ 128 ಜಿಬಿವರೆಗೆ. 14 ಜಿಬಿಯ ಸೀನ್ ಇದಕ್ಕೆ ಲೆಕ್ಕಕ್ಕಿಲ್ಲ. ವೇಗದಲ್ಲಿ ದೊಡ್ಡ ಕಾರ್ಡಿಗೆ ಸಾಟಿಯಲ್ಲ, ಕುಡಾ ನಂಬಿದ ಸಾಫ್ಟ್‌ವೇರಿಗೆ ಉಪಯೋಗವೂ ಇಲ್ಲ. ಬ್ಲೆಂಡರ್‌ನವರಿಗೆ ಆ ಚಿಂತೆಯಿಲ್ಲ, ಸೈಕಲ್ಸ್ ಈಗ ಎಎಂಡಿ, ಆಪಲ್ ಎರಡರ ಮೇಲೂ ಓಡುತ್ತದೆ.

ಬಿಡಿಭಾಗ ಬದಲಿಸಬಹುದು ಅನ್ನುವುದಕ್ಕೇ ಫ್ರೇಮ್‌ವರ್ಕ್ ಕಂಪನಿ ಹೆಸರುವಾಸಿ. ಆದರೂ ಇದರಲ್ಲಿ ರ‍್ಯಾಮನ್ನು ಬೆಸುಗೆ ಹಾಕಲೇಬೇಕಾಯಿತು, ಬಿಚ್ಚುವ ಮೆಮೊರಿಯಲ್ಲಿ ಆ ಚಿಪ್ ಕೇಳುವ ವೇಗ ಸಿಗಲಿಲ್ಲ. 2025ರ ಕೊನೆಗೆ ಎಐ ಸರ್ವರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಜಿಗಿಯಿತು. ಸ್ಲಾಟ್ ಇರುವ ಬೋರ್ಡಿನವರು ಸದ್ಯಕ್ಕೆ ಕಡಿಮೆ ಹಾಕಿಸಿ, ಬೆಲೆ ಇಳಿದ ಮೇಲೆ ಹೆಚ್ಚಿಸಿಕೊಳ್ಳಬಹುದು. ಬೆಸುಗೆಯದರಲ್ಲಿ ಮೊದಲ ದಿನ 32 ಜಿಬಿಯದು ತಗೊಂಡರೆ ಕೊನೆಯವರೆಗೂ 32.